ಪುಟ್ಟಗೌರಿಯ ಏಳುಬೀಳು

ಚರಿತ್ರೆ ಬರೆದುಕೊಡಿ ಅಂದ ಕೂಡಲೇ ನಮ್ಮ ಕಡೆ ಎಲ್ಲರೂ ಪಳಶ್ಶಿ ರಾಜನ ಹತ್ತಿರ ಹೋಗ್ತಾರೆ. 1805ರಲ್ಲಿ ಪುಲ್ಪಳ್ಳಿ ಹತ್ತಿರದ ಮಾವಿಲಾಂತೋಡಿನಲ್ಲಿ ಅವನು ಸತ್ತ ಕಥೆ ಬರೆಯೋದಕ್ಕೆ ಓದಿದ ಮಾಷ್ಟ್ರುಗಳು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯೋದು ಒಬ್ಬ ಹೆಣ್ಣುಮಗಳ ಚರಿತ್ರೆ. ಅವಳು ರಾಣಿಯಲ್ಲ. ಹುಟ್ಟಿದ್ದು 2012ರಲ್ಲಿ, ಟೀವಿ ಪೆಟ್ಟಿಗೆಯೊಳಗೆ. ಹೆಸರು ಪುಟ್ಟಗೌರಿ. ‘ಪುಟ್ಟಗೌರಿ ಮದುವೆ’ ಅನ್ನೋ ಧಾರಾವಾಹಿಯ ನಾಯಕಿ. ಧಾರಾವಾಹಿಗೆ ಎಂಥಾ ಚರಿತ್ರೆ ಅಂತ ನಗೋರು ನಗಲಿ. ಸುಮಾರು ಆರು ವರ್ಷ ನಮ್ಮ ಕನ್ನಡದ ಮನೆಗಳಲ್ಲಿ ರಾತ್ರಿ ಮುದ್ದೆ ತಿರುವೋ ಹೊತ್ತನ್ನು ಗೊತ್ತು ಮಾಡಿದವಳು ಅವಳು. ಅಷ್ಟು ವರ್ಷ ಯಾವ ಮಂತ್ರಿಯ ಮಾತೂ ನಮ್ಮ ಅಡಿಗೆಮನೆಯಲ್ಲಿ ನಡೆದಿಲ್ಲ.

ನಮ್ಮ ಜಾಗದ ಸ್ಥಿತಿ ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಪೆರಿಕ್ಕಲ್ಲೂರಿನಲ್ಲಿ ತೋಣಿ ಹತ್ತಿ ಕಬಿನಿ ದಾಟಿದರೆ ಆಚೆ ಬೈರಕುಪ್ಪೆ, ಅದು ಕರ್ನಾಟಕ. ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲೂ ಮಲಯಾಳ. ಹೆಣ್ಣು ಕೊಡೋದು ತರೋದು ಎರಡೂ ದಡದಲ್ಲಿ. ಸಂಜೆ ಆರಕ್ಕೆ ಬಾವಲಿ ಗೇಟು ಮುಚ್ಚಿದರೆ ಮೈಸೂರು ರಸ್ತೆ ಬೆಳಗ್ಗೆ ಆರರ ತನಕ ಬಂದ್, ಕಾಡುಪ್ರಾಣಿಗಳ ಸಲುವಾಗಿ. ಗೇಟು ಮುಚ್ಚಿದ ಮೇಲೆ ಕನ್ನಡ ನಮ್ಮ ಊರಿಗೆ ಬರೋದು ಆಕಾಶದಿಂದ ಮಾತ್ರ, ಹಂಚಿನ ಮೇಲೆ ಕೂರಿಸಿದ ಡಿಶ್‌ನಿಂದ.

ಡಿಶ್ ಬರೋ ಮೊದಲು ಅದೂ ಇರಲಿಲ್ಲ. ಕೇಬಲ್‌ನವರು ಕೊಡ್ತಿದ್ದದ್ದು ಮಲಯಾಳ, ತಮಿಳು. ಆಗ ನಾವು ನೆರೆಮನೆಯವರ ಜೊತೆ ಕೂತು ಅವರ ಧಾರಾವಾಹಿಯನ್ನೇ ನೋಡ್ತಿದ್ವಿ. 1998ರಲ್ಲಿ ಏಷ್ಯಾನೆಟ್‌ನಲ್ಲಿ ‘ಸ್ತ್ರೀ’ ಬಂತು. ಅದರ ನಾಯಕಿ ಇಂದು. ಕೇರಳದ ಹೆಂಗಸರೆಲ್ಲ ಆ ಇಂದುವಿಗಾಗಿ ಕಣ್ಣೀರು ಹಾಕೋರು. ಆ ಪಾತ್ರ ಮಾಡಿದ್ದು ವಿನಯಾ ಪ್ರಸಾದ್, ನಮ್ಮ ಉಡುಪಿ ಕಡೆಯ ಕನ್ನಡದ ಹೆಣ್ಣು. ‘ಅಳೋದು ನಿಮ್ಮ ಇಂದು, ಅಳಿಸೋದು ನಮ್ಮ ವಿನಯಾ’ ಅಂತ ನಮ್ಮ ಹೆಂಗಸರು ಹೆಮ್ಮೆ ಪಡ್ತಿದ್ರು. 2004ರ ಕೊನೆಗೆ ದೂರದರ್ಶನದವರು ತಿಂಗಳ ಬಾಡಿಗೆ ಇಲ್ಲದ ಡಿಶ್ ಶುರು ಮಾಡಿದರು. ಚಂದನ ಸಿಕ್ಕಿತು. ಆಮೇಲೆ ದುಡ್ಡಿನ ಡಿಶ್ಶುಗಳು ಬಂದವು, ಈಟಿವಿ ಕನ್ನಡ ಬಂತು. ಈಟಿವಿ ಕನ್ನಡಕ್ಕೆ 2015ರಲ್ಲಿ ಕಲರ್ಸ್ ಕನ್ನಡ ಅಂತ ಹೆಸರು ಬದಲಾಯ್ತು. ನಮ್ಮ ಹೆಂಗಸರು ಮಾತ್ರ ಬಹಳ ದಿನ ಈಟಿವಿ ಅಂತಲೇ ಹೇಳ್ತಿದ್ರು.

ಪುಟ್ಟಗೌರಿಯ ತವರು ಕರ್ನಾಟಕವಲ್ಲ, ರಾಜಸ್ಥಾನ. 2008ರ ಜುಲೈಯಲ್ಲಿ ಹಿಂದಿಯಲ್ಲಿ ‘ಬಾಲಿಕಾ ವಧು’ ಅಂತ ಒಂದು ಧಾರಾವಾಹಿ ಶುರುವಾಯ್ತು. ಆನಂದಿ ಅನ್ನೋ ಹುಡುಗಿ, ಗೊಂಬೆ ಆಡೋ ವಯಸ್ಸಲ್ಲಿ ಮದುವೆ, ಜೈತ್ಸರ್ ಅನ್ನೋ ಊರಿನ ದೊಡ್ಡ ಮನೆ, ಎಲ್ಲರನ್ನೂ ಹಿಡಿತದಲ್ಲಿ ಇಟ್ಟುಕೊಂಡ ಅಜ್ಜಿ. ತೆಲುಗಿನವರು ಅದನ್ನೇ ಮಾತು ಬದಲಿಸಿ ‘ಚಿನ್ನಾರಿ ಪೆಳ್ಳಿಕೂತುರು’ ಅಂತ ತೋರಿಸಿದರು. ಕನ್ನಡದಲ್ಲಿ ಆಗ ಡಬ್ಬಿಂಗ್ ಬೇಡ ಅನ್ನೋ ಕಟ್ಟು ಬಲವಾಗಿತ್ತು. ಅದಕ್ಕೇ ಹಿಂದಿಯ ಆನಂದಿಗೆ ಕನ್ನಡದ ಧ್ವನಿ ಅಂಟಿಸೋ ಬದಲು ಕನ್ನಡದ್ದೇ ಹುಡುಗಿಯನ್ನು ಹುಡುಕಿ, ನಮ್ಮ ಲಂಗ ಉಡಿಸಿ, ನಮ್ಮ ಹೆಸರು ಇಟ್ಟು ಹೊಸದಾಗಿ ಕಟ್ಟಿದರು. ಆ ಕಟ್ಟು ಸರಿಯೋ ತಪ್ಪೋ ಅನ್ನೋ ಜಗಳ ಬೇರೆ. ಗೌರಿ ನಮ್ಮ ಮನೆಮಗು ಆಗಿದ್ದು ಮಾತ್ರ ಆ ಕಟ್ಟಿನಿಂದಲೇ. ಡಬ್ಬಿಂಗ್ ಆಗಿದ್ದರೆ ಅವಳು ರಾಜಸ್ಥಾನದ ಯಾರದೋ ಮಗಳಾಗಿ ಉಳೀತಿದ್ದಳು.

ನಿರ್ದೇಶನ ರಾಮ್‌ಜಿ ಅವರದು. ಪುಟಾಣಿ ಗೌರಿಯಾಗಿ ಬಂದದ್ದು ಸಾನ್ಯಾ ಅಯ್ಯರ್. ಆ ಮಗು ಕಣ್ಣು ಅಗಲ ಮಾಡಿ ನೋಡಿದರೆ ಸಾಕು, ನಮ್ಮ ಮನೆಯ ಮುದುಕಿಯರು ಸೆರಗು ಕಣ್ಣಿಗೆ ಒತ್ತೋರು. ಗಂಡನ ಮನೆ ಅಂದ್ರೆ ಏನು ಅಂತ ಗೊತ್ತಿಲ್ಲದ ಹುಡುಗಿಗೆ ಗಂಡನ ಮನೆ. ಮೇಲೆ ಅಜ್ಜಮ್ಮ. ಅಜ್ಜಮ್ಮನ ಪಾತ್ರ ಮಾಡಿದ ಚಂದ್ರಕಲಾ ಮೋಹನ್ ಅವರನ್ನು ಬೈಯದ ಮನೆ ನಮ್ಮಲ್ಲಿ ಇರಲಿಲ್ಲ. ಕಲಾವಿದರಿಗೆ ಅದಕ್ಕಿಂತ ದೊಡ್ಡ ಸನ್ಮಾನ ಬೇರೆ ಬೇಡ.

ಆ ಮೊದಲಿನ ವರ್ಷಗಳು ಗೌರಿಯ ಒಳ್ಳೆ ಕಾಲ. ಅವಳಿಗೆ ಕಷ್ಟ ಇತ್ತು, ಆದರೆ ಆ ಕಷ್ಟಕ್ಕೆ ಅರ್ಥ ಇತ್ತು. ಹೆಣ್ಣುಮಗುವನ್ನು ಶಾಲೆ ಬಿಡಿಸಿ ಮದುವೆ ಮಾಡಿದರೆ ಏನಾಗುತ್ತೆ ಅನ್ನೋದನ್ನ ದಿನಕ್ಕೆ ಇಪ್ಪತ್ತು ಚಿಲ್ಲರೆ ನಿಮಿಷದ ಹಾಗೆ ಬಿಡಿಸಿ ಬಿಡಿಸಿ ತೋರಿಸ್ತಿದ್ರು. ಕಾನೂನು ನಮ್ಮ ದೇಶದಲ್ಲಿ ಹಳೇದೇ. 1929ರ ಶಾರದಾ ಕಾಯಿದೆ ಹುಡುಗಿಗೆ ಹದಿನಾಲ್ಕು ಅಂತ ಇಟ್ಟಿತ್ತು, 1978ರಲ್ಲಿ ಹದಿನೆಂಟು ಮಾಡಿದರು, 2006ರಲ್ಲಿ ಬಾಲ್ಯವಿವಾಹ ನಿಷೇಧ ಕಾಯಿದೆ ಅಂತ ಹೊಸದೇ ತಂದರು. ಆದರೆ ಕಾನೂನಿಗೆ ಮುಖ ಇಲ್ಲ. ಗೌರಿಗೆ ಮುಖ ಇತ್ತು.

ಅದು ಏನು ಮಾಡಿತು ಅನ್ನೋದಕ್ಕೆ ನಾನು ಕಣ್ಣಾರೆ ಕಂಡದ್ದು ಹೇಳ್ತೀನಿ. 2014ರಲ್ಲಿ ಹೊಳೆಯಾಚೆ ನಮ್ಮ ನೆಂಟರ ಮನೆಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಗೆ ಗಂಡು ಬಂದಿತ್ತು. ಹುಡುಗ ಗುತ್ತಿಗೆ ಭೂಮಿಯಲ್ಲಿ ಶುಂಠಿ ಹಾಕಿದ್ದ, ಆ ವರ್ಷ ಕೈಯಲ್ಲಿ ದುಡ್ಡು ಆಡ್ತಿತ್ತು. ಗಂಡಸರೆಲ್ಲ ಒಪ್ಪಿ ಆಗಿತ್ತು. ಒಳಗಿಂದ ಹುಡುಗಿಯ ಅಜ್ಜಿ ಬಂದು, ‘ಆ ಪುಟ್ಟಗೌರಿ ಕಣ್ಣೀರು ದಿನಾ ನೋಡ್ತಾ ಕೂತಿರ್ತೀರಲ್ಲ, ನಾಳೆ ನಮ್ಮನೆ ಕೂಸಿನ ಕಣ್ಣೀರು ನೋಡೋಕೆ ಯಾರು ಬರ್ತಾರ್ಲಾ?’ ಅಂದಳು. ಆ ಅಜ್ಜಿ ತಾನು ಹನ್ನೆರಡಕ್ಕೆ ಮದುವೆಯಾದವಳು. ಅಷ್ಟು ವರ್ಷ ತನ್ನ ಕಥೆ ಒಂದು ದಿನವೂ ಬಾಯಿ ಬಿಟ್ಟು ಹೇಳಿದವಳಲ್ಲ. ಯಾರೂ ಎದುರು ಮಾತಾಡಲಿಲ್ಲ. ಪಿಯುಸಿ ಆಗಲಿ ನೋಡೋಣ ಅಂತ ಮಾತು ಮುಂದೆ ಹೋಯ್ತು.

ಧಾರಾವಾಹಿಯ ಹುಡುಗಿ ಬೆಳೀಲೇಬೇಕಲ್ಲ. ಸಾನ್ಯಾ ಹೋಗಿ ರಂಜನಿ ರಾಘವನ್ ಬಂದರು. ಗಂಡ ಮಹೇಶನಾಗಿ ರಕ್ಷಿತ್. ಮುಖ ಬದಲಾದಾಗ ಒಂದು ವಾರ ನಮ್ಮ ಮನೆಯಲ್ಲಿ ಮುನಿಸು, ‘ಇವಳು ನಮ್ಮ ಗೌರಿ ಅಲ್ಲ’ ಅಂತ. ಎರಡನೇ ವಾರ ಅವಳೇ ಗೌರಿ. ಹಿಂದಿಯಲ್ಲೂ ಹೀಗೇ ಆಗಿತ್ತು, ಆನಂದಿಗೆ ಮೂರು ಮುಖ ಆದವು. ಇದಾದ ಮೇಲೆ ಹಿಮಾ ಬಂದಳು. ಬಾಲ್ಯವಿವಾಹದ ಕಥೆ ಹೋಗಿ ಒಬ್ಬ ಗಂಡ ಇಬ್ಬರು ಹೆಂಗಸರ ಕಥೆ ಆಯ್ತು. ಅಲ್ಲಿಂದ ಗೌರಿಯ ದೆಸೆ ತಿರುಗಿತು ಅಂತ ನನ್ನ ಎಣಿಕೆ. ಅವಳ ಜನಪ್ರಿಯತೆ ಆಗ ಇಳಿದಿರಲಿಲ್ಲ, ನೋಡೋರು ನೋಡ್ತಾನೇ ಇದ್ದರು. ಆದರೆ ಅವಳು ಯಾಕೆ ಅಳ್ತಾಳೆ ಅನ್ನೋದು ಬದಲಾಯ್ತು. ಮೊದಲು ಅವಳು ಅಳೋದು ನಮ್ಮ ಅಜ್ಜಿಯ ಅಳು. ಈಗ ಬರೀ ಸವತಿಯ ಕಾಟ.

ಹಿಂದಿಯ ಆನಂದಿಗೂ ಅದೇ ಆಯ್ತು, ಗಂಡ ಪಟ್ಟಣಕ್ಕೆ ಡಾಕ್ಟ್ರು ಓದೋಕೆ ಹೋಗಿ ಇನ್ನೊಬ್ಬಳನ್ನು ಕಟ್ಟಿಕೊಂಡ. ಆದರೆ ಅವಳು ಅವನನ್ನು ಬಿಟ್ಟು ಊರಿನ ಸರಪಂಚಳಾದಳು, ಕಲೆಕ್ಟರನ್ನು ಮದುವೆಯಾದಳು. ಆ ಕಲೆಕ್ಟರನನ್ನೂ ಆಮೇಲೆ ಸಾಯಿಸಿದರು. 2016ರಲ್ಲಿ ಮುಗಿಯೋ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಕಂತು ಆಗಿತ್ತು.

ಯಾಕೆ ಹೀಗೆ ಎಳೀತಾರೆ ಅನ್ನೋದಕ್ಕೆ ಉತ್ತರ ಒಂದು ಸಣ್ಣ ಪೆಟ್ಟಿಗೆಯಲ್ಲಿದೆ. ಆರಿಸಿದ ಕೆಲವು ಮನೆಗಳ ಟೀವಿ ಪಕ್ಕ ಒಂದು ಮೀಟರು ಇಟ್ಟಿರ್ತಾರೆ. ಚಾನೆಲ್ಲಿನ ಸದ್ದಿನೊಳಗೆ ನಮ್ಮ ಕಿವಿಗೆ ಕೇಳದ ಒಂದು ಗುರುತು ಸೇರಿಸಿರ್ತಾರೆ, ಮೀಟರು ಅದನ್ನು ಕೇಳಿ ಯಾವ ಚಾನೆಲ್ಲು ಅಂತ ಬರೆದುಕೊಳ್ಳುತ್ತೆ. ಮನೆಯಲ್ಲಿ ಯಾರು ನೋಡ್ತಿದ್ದಾರೋ ಅವರವರ ಗುಂಡಿ ಅವರವರು ಒತ್ತಬೇಕು. ಆ ಲೆಕ್ಕವೇ ಟಿಆರ್‌ಪಿ. 2015ರಿಂದ ಈ ಲೆಕ್ಕ ಬಾರ್ಕ್ ಅನ್ನೋ ಸಂಸ್ಥೆಯದು. ಹಳ್ಳಿಮನೆಗಳನ್ನೂ ಸರಿಯಾಗಿ ಎಣಿಕೆಗೆ ತಗೊಂಡದ್ದು ಆ ವರ್ಷದ ಅಕ್ಟೋಬರಿನಿಂದ. ಅದಕ್ಕೆ ಮೊದಲು ಹಳ್ಳಿಯವರು ಎಷ್ಟು ಅತ್ತರೂ ಲೆಕ್ಕಕ್ಕಿಲ್ಲ. ನಮ್ಮ ವಯನಾಡಿನ ಕನ್ನಡದ ಮನೆಗಳಂತೂ ಈಗಲೂ ಕೇರಳದ ಲೆಕ್ಕಕ್ಕೆ ಸೇರಿದವು. ಹೊಳೆಯಾಚೆಯವರ ಗೌರಿ ಏಳೋಕೂ ಬೀಳೋಕೂ ನಮ್ಮ ಕೈ ಇಲ್ಲ. ನಾವು ಮದುವೆಗೆ ಹೋಗಿ ಮುಯ್ಯಿ ಬರೆಸದೆ ಊಟ ಮಾಡಿ ಬಂದ ನೆಂಟರು.

ಲೆಕ್ಕ ಹೊರಗೆ ಬರೋದು ಗುರುವಾರ. ಮೇಲಿದ್ದರೆ ಕಥೆ ಎಳೀಬೇಕು, ಕೆಳಗಿದ್ದರೆ ಏನಾದರೂ ಸ್ಫೋಟ ಮಾಡಬೇಕು. ಮನುಷ್ಯರಿಗೆ ಬ್ರಹ್ಮ ಹಣೆಬರಹ ಒಂದೇ ಸಲ ಬರೀತಾನೆ ಅಂತಾರೆ. ಗೌರಿಯ ಹಣೆಬರಹ ವಾರವಾರ ಅಳಿಸಿ ಬರೆದದ್ದು.

ಇಲ್ಲಿ ನನ್ನ ಕಸುಬಿನ ಮಾತು ಎರಡು ಹೇಳ್ತೀನಿ. ನಾನು ತಂಬೂರಿ ಹಿಡಿದು ಮಾದೇಶ್ವರನ ಪದ ಹಾಡೋನು. ಅದರಲ್ಲಿ ಸಂಕಮ್ಮನ ಸಾಲು ಅಂತ ಬರುತ್ತೆ. ಗಂಡ ನೀಲೇಗೌಡ ಕಾಡಿಗೆ ಹೋಗೋ ಮೊದಲು ಹೆಂಡತಿ ಮೇಲೆ ಅನುಮಾನಪಟ್ಟು ಆಣೆ ಇಡು ಅಂತಾನೆ. ಅವಳು ಇಡಲ್ಲ. ಅವನು ಕೊಡೋ ಹಿಂಸೆ ಕೇಳೋಕಾಗಲ್ಲ. ಕೊನೆಗೆ ಮಾದಪ್ಪ ಬಂದು ಕಾಯ್ತಾನೆ, ಕಾರಯ್ಯ ಬಿಲ್ಲಯ್ಯ ಅಂತ ಎರಡು ಮಕ್ಕಳಾಗ್ತವೆ. ಗೌರಿಗಿಂತ ಸಂಕಮ್ಮನ ಕಷ್ಟ ಕಮ್ಮಿ ಏನಲ್ಲ. ನಾವೂ ಎಳೀತೀವಿ, ಸುಳ್ಳು ಹೇಳಬಾರದು. ಹೆಂಗಸರು ತುಂಬಾ ಕೂತಿದ್ದರೆ ಸಂಕಮ್ಮನ ಗುಡಿಸಲಿನಲ್ಲಿ ಒಂದು ಗಂಟೆ ಜಾಸ್ತಿ ನಿಲ್ತೀವಿ. ಸೊಲ್ಲು ಕೊಡೋನು ತೂಕಡಿಸಿದರೆ ಬೇಗ ಮುಂದಕ್ಕೆ ಹೋಗ್ತೀವಿ. ಆದರೆ ಎಷ್ಟು ಎಳೆದರೂ ಬೆಳಗಿನ ಕೋಳಿ ಕೂಗೋ ಹೊತ್ತಿಗೆ ಸಂಕಮ್ಮ ಎಲ್ಲಿಗೆ ಸೇರಬೇಕೋ ಅಲ್ಲಿಗೇ ಸೇರಬೇಕು. ಅವಳನ್ನು ಬೇರೆ ದಾರಿಗೆ ಕರಕೊಂಡು ಹೋಗೋ ಅಧಿಕಾರ ಹಾಡೋನಿಗಿಲ್ಲ. ಹೋದರೆ ಎದುರು ಕೂತ ಮುದುಕ ‘ಲೇ, ಎಲ್ಲಿ ಹೋಗ್ತಿದ್ದೀಯಾ’ ಅಂತ ತಡೀತಾನೆ. ನಮ್ಮ ಪುಲ್ಪಳ್ಳಿಯಲ್ಲಿ ಸೀತೆಯ ಗುಡಿ ಇದೆ, ಲವಕುಶರ ಜೊತೆ. ಅವಳು ಭೂಮಿಗೆ ಇಳಿದದ್ದು ಇಲ್ಲೇ ಅಂತ ಹೇಳ್ತಾರೆ. ಮಕ್ಕಳನ್ನು ಕಚ್ಚಿದ್ದಕ್ಕೆ ಶಾಪ ಕೊಟ್ಟಳು, ಅದಕ್ಕೇ ಪುಲ್ಪಳ್ಳಿಯಲ್ಲಿ ಜಿಗಣೆ ಇಲ್ಲ ಅಂತಲೂ ಹೇಳ್ತಾರೆ. ಜಿಗಣೆಯ ಕಥೆ ಸೇರಿಸೋರು ಸೇರಿಸಿದರು, ಸೀತೆಯ ಕೊನೆಯನ್ನು ಯಾರೂ ತಿದ್ದಲಿಲ್ಲ.

ಗೌರಿಯನ್ನು ತಡೆಯೋಕೆ ಎದುರು ಯಾವ ಮುದುಕನೂ ಕೂತಿರಲಿಲ್ಲ. 2017ರಲ್ಲಿ ಅವಳನ್ನು ಬೆಟ್ಟದ ಮೇಲಿಂದ ಬೀಳಿಸಿದರು. ಸಾಯಲಿಲ್ಲ. ಕಾಡಿನಲ್ಲಿ ಹಾವು ಬಂತು, ಹುಲಿ ಬಂತು, ಎಲ್ಲದರಿಂದಲೂ ಪಾರಾದಳು. ಫೋನು ಹಿಡಿದ ಹುಡುಗರಿಗೆ ಹಬ್ಬ. ಗೌರಿಯ ಮುಖಕ್ಕೆ ಏನೇನೋ ಅಂಟಿಸಿ, ಮಾತು ಸೇರಿಸಿ, ಊರಿಂದೂರಿಗೆ ಹಂಚಿದರು. ಧಾರಾವಾಹಿ ನೋಡದ ಗಂಡಸರಿಗೂ ಆಗ ಗೌರಿ ಗೊತ್ತಾದಳು, ನಗೋದಕ್ಕೆ.

ನಾವು ಕಾಡಿನ ಅಂಚಿನ ಜನ. ಮುತ್ತಂಗ, ತೋಲ್ಪೆಟ್ಟಿ ಈ ಕಡೆ, ನಾಗರಹೊಳೆ ಬಂಡೀಪುರ ಆ ಕಡೆ. ಹುಲಿ ಹಸು ಹಿಡಿದ ಬೆಳಗ್ಗೆ ಕೊಟ್ಟಿಗೆ ಹೇಗಿರುತ್ತೆ ಅಂತ ನಮಗೆ ಗೊತ್ತು. ಹುಲಿಯಿಂದ ಸತ್ತ ಮನುಷ್ಯರ ಮನೆಯೂ ಈ ಜಿಲ್ಲೆಯಲ್ಲಿದೆ. ಟೀವಿಯ ಆ ಹುಲಿ ನೋಡಿ ನಮ್ಮ ಮನೆಯ ಮಕ್ಕಳೂ ಬಿದ್ದು ಬಿದ್ದು ನಕ್ಕವು. ಆಚೆ ಮನೆಯ ಕುರುಬರ ಮುದುಕ ಒಬ್ಬ ಮಾತ್ರ ನಗದೆ ಎದ್ದು ಹೋದ.

ನಕ್ಕರೆ ನಷ್ಟ ಏನು ಅಂತ ಕೇಳಬಹುದು. ಮಾರನೇ ವರ್ಷ ಇನ್ನೊಂದು ಮನೆಯಲ್ಲಿ ಅದೇ ತರಹದ ಮಾತುಕತೆ. ಹುಡುಗಿಗೆ ಹದಿನಾರು. ಅತ್ತೆಯೊಬ್ಬಳು ಬೇಡ ಅಂತ ಬಾಯಿ ಹಾಕಿ ಪುಟ್ಟಗೌರಿಯ ಹೆಸರು ಎತ್ತಿದಳು. ಹುಡುಗಿಯ ಚಿಕ್ಕಪ್ಪ, ‘ಹೋಗವ್ವ, ನಿನ್ನ ಪುಟ್ಟಗೌರಿ ಬೆಟ್ಟದಿಂದ ಬಿದ್ರೂ ಸಾಯಲ್ಲ, ಹುಲಿ ಬಾಯಿಂದ್ಲೂ ಎದ್ದು ಬತ್ತಾಳೆ, ನಮ್ಮ ಹುಡುಗಿಗೇನಾದದು’ ಅಂದ. ಮನೆ ತುಂಬ ನಗೆ. ಅತ್ತೆಯೂ ನಕ್ಕಳು, ನಗದೆ ಏನು ಮಾಡ್ತಾಳೆ. ಮಾತು ಅಲ್ಲಿಗೆ ಮುಗೀತು. ಮದುವೆ ಆಯ್ತು. ನಾಲ್ಕು ವರ್ಷದ ಹಿಂದೆ ಗಂಡಸರ ಬಾಯಿ ಕಟ್ಟಿದ ಹೆಸರೇ ಈಗ ಹೆಂಗಸಿನ ಬಾಯಿ ಕಟ್ಟಿತು.

ಇದನ್ನು ದೊಡ್ಡದು ಮಾಡಿ ಹೇಳ್ತಿದ್ದೀನಿ ಅನ್ನಿಸಿದರೆ ಅದೇ ವರ್ಷಗಳಲ್ಲಿ ನಮ್ಮ ಸುತ್ತ ನಡೆದದ್ದು ನೆನಪು ಮಾಡಿಕೊಳ್ಳಿ. ವಯನಾಡಿನ ಪಣಿಯರ ಹುಡುಗರು ತಮ್ಮ ಕಟ್ಟಳೆಯ ಹಾಗೆ ಹದಿನೆಂಟು ತುಂಬದ ಹುಡುಗಿಯನ್ನು ಕರಕೊಂಡು ಬಂದು ಸಂಸಾರ ಮಾಡಿದ್ದಕ್ಕೆ 2012ರ ಪೋಕ್ಸೊ ಕಾಯಿದೆಯಲ್ಲಿ ಜೈಲಿಗೆ ಹೋದರು. ಹುಡುಗ ಒಳಗೆ, ಬಸುರಿ ಹುಡುಗಿ ಹೊರಗೆ. ಆ ಕೂಸುಗಳಿಗೆ ಕಾನೂನು ಬರೋದಕ್ಕೆ ಮೊದಲು ಕಥೆ ಹೋಗಿ ಮುಟ್ಟಬೇಕಿತ್ತು. ಆಚೆ ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು ಅಂತ ಕಾಯಿದೆಗೆ ತಿದ್ದುಪಡಿ ಬಂದದ್ದೂ 2017ರಲ್ಲೇ. ಸರ್ಕಾರ ಹಾಗೆ ಬಿಗಿ ಮಾಡಿದ ವರ್ಷವೇ ನಮ್ಮ ಬಾಲವಧು ಕಾಡಿನಲ್ಲಿ ಹುಲಿ ಓಡಿಸ್ತಿದ್ದಳು.

ಕಲಾವಿದರನ್ನು ನಾನು ದೂರೋದಿಲ್ಲ. ಕೊಟ್ಟ ಪದ ಹಾಡೋನ ಕಷ್ಟ ನನಗೆ ಗೊತ್ತು. ರಂಜನಿ ಆ ಹುಲಿಯ ಎದುರೂ ಪಾತ್ರವನ್ನು ಹಗುರ ಮಾಡದೆ ನಿಂತರು. ಮಲಯಾಳದವರ ಕಥೆಯೂ ಇದಕ್ಕಿಂತ ಬೇರೆಯಲ್ಲ. 2013ರಲ್ಲಿ ‘ಪರಸ್ಪರಂ’ ಶುರುವಾದಾಗ ದೀಪ್ತಿ ಅನ್ನೋ ಸೊಸೆ ಓದಿ ಪೊಲೀಸ್ ಅಧಿಕಾರಿ ಆಗೋದು ಎಷ್ಟು ಚೆನ್ನಾಗಿತ್ತು. 2018ರ ಆಗಸ್ಟ್ 31ರಂದು, ಮಹಾಪ್ರಳಯದ ಕೆಸರು ನಮ್ಮ ಅಂಗಳದಿಂದ ಇನ್ನೂ ಹೋಗಿರಲಿಲ್ಲ, ದೀಪ್ತಿ ಐಪಿಎಸ್ ಗಂಡನ ಸಮೇತ ದೋಣಿಯಲ್ಲಿ ಕ್ಯಾಪ್ಸೂಲ್ ಬಾಂಬಿಗೆ ಸತ್ತಳು. ಕೇರಳವೆಲ್ಲ ನಕ್ಕಿತು. ಒಂದು ವರ್ಷದ ಅಂತರದಲ್ಲಿ ಎರಡು ಭಾಷೆಯ ಇಬ್ಬರು ಒಳ್ಳೆ ಸೊಸೆಯರು ಹೀಗೆ ನಗೆಪಾಟಲಾದರು. ನೆರೆಮನೆಯವರೂ ನಾವೂ ಈ ವಿಷಯದಲ್ಲಿ ಸರಿಸಮ ಆದ್ವಿ.

ಆ ವರ್ಷದ ಕೊನೆಗೆ ಗೌರಿಯ ಕಥೆ ಮಂಗಳಗೌರಿ ಅನ್ನೋಳ ಕಡೆ ತಿರುಗಿತು, ‘ಮಂಗಳಗೌರಿ ಮದುವೆ’ ಅಂತ ಹೆಸರೂ ಆಯ್ತು. ಹೆಸರಿನಲ್ಲಿ ಗೌರಿಯೂ ಉಳಿದಳು ಮದುವೆಯೂ ಉಳೀತು, ಬಾಲ್ಯವಿವಾಹ ಉಳೀಲಿಲ್ಲ. 2019ರಲ್ಲಿ ಬೇಕಾದ ಚಾನೆಲ್ಲು ನೀವೇ ಆರಿಸಿ ದುಡ್ಡು ಕಟ್ಟಿ ಅನ್ನೋ ಹೊಸ ನಿಯಮ ಬಂತು. ಮಕ್ಕಳಿಗೆ ಮಲಯಾಳ ಬೇಕು, ನಮಗೆ ಕನ್ನಡ ಬೇಕು, ಎರಡೂ ಹಾಕಿಸಿದರೆ ಕೈ ಸುಡುತ್ತೆ. ಕೆಲವು ಮನೆಗಳಲ್ಲಿ ಕನ್ನಡ ಬಿಟ್ಟೇ ಹೋಯ್ತು. ರಂಜನಿ 2020ರಲ್ಲಿ ‘ಕನ್ನಡತಿ’ಯಲ್ಲಿ ಕನ್ನಡ ಹೇಳಿಕೊಡೋ ಟೀಚರ್ ಭುವನೇಶ್ವರಿಯಾಗಿ ಬಂದರು. ‘ಕತೆ ಡಬ್ಬಿ’ ಅಂತ ಕಥೆಗಳ ಪುಸ್ತಕವನ್ನೂ ಬರೆದರು. ಮಾತು ಬಾಯಲ್ಲೇ ಉಳಿದು ಅಕ್ಷರ ಮರೀತಿರೋ ನಮ್ಮಂಥ ಊರಿಗೆ ಆ ಭುವಿ ಬೇಕಾಗಿದ್ದವಳು. ಹಿಂದಿಯವರು 2021ರಲ್ಲಿ ಮತ್ತೆ ‘ಬಾಲಿಕಾ ವಧು’ ಶುರು ಮಾಡಿದರು, ಈ ಸಲ ಗುಜರಾತಿನ ಮಗು, ಅದಕ್ಕೂ ಆನಂದಿ ಅಂತಲೇ ಹೆಸರು. ಅದು ಬೇಗ ನಿಂತು ಹೋಯ್ತು.

ಅದೇ 2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ‘ಪುಟ್ಟಕ್ಕನ ಮಕ್ಕಳು’ ಬಂತು. ಪುಟ್ಟಕ್ಕನಾಗಿ ಉಮಾಶ್ರೀ. ಗೌರಿಯ ಕಾಲದಲ್ಲಿ, 2013ರಿಂದ 2018ರ ತನಕ, ಕರ್ನಾಟಕದ ಮಹಿಳೆ ಮತ್ತು ಮಕ್ಕಳ ಇಲಾಖೆಯ ಮಂತ್ರಿಯಾಗಿದ್ದವರು ಇವರೇ. ಮೂರೂ ಹೆಣ್ಣಾದವು ಅಂತ ಗಂಡ ಬಿಟ್ಟ ಹೆಂಗಸು, ಅಡಿಗೆ ಮಾಡಿ ಮಾರಿ ಮಕ್ಕಳನ್ನು ಓದಿಸೋಳು. ನಡುವಿನ ಮಗಳು ಸ್ನೇಹಾ ಓದಿ ಡಿಸಿ ಆದಳು. ನಮ್ಮ ಮೊಮ್ಮಗಳು ತಾನೂ ಡಿಸಿ ಆಗ್ತೀನಿ ಅಂತ ಹೇಳಿಕೊಂಡು ತಿರುಗೋಳು. ಸ್ನೇಹಾಳ ಪಾತ್ರ ಮಾಡ್ತಿದ್ದ ಸಂಜನಾ ಬುರ್ಲಿ 2024ರಲ್ಲಿ ಧಾರಾವಾಹಿ ಬಿಟ್ಟರು. ಪುಟಾಣಿ ಗೌರಿಗೆ ಮಾಡಿದ ಹಾಗೆ ಇನ್ನೊಂದು ಮುಖ ತರಬಹುದಿತ್ತು. ತರಲಿಲ್ಲ, ಸ್ನೇಹಾಳನ್ನೇ ಸಾಯಿಸಿದರು. ನಮ್ಮ ಮನೆಯಲ್ಲಿ ಮೂರು ದಿನ ಟೀವಿ ಹಾಕಲಿಲ್ಲ. ನಾಲ್ಕನೇ ದಿನ ಹಾಕಿದರು.